ಹೈಡ್ರೋಜನ್ ಕಿಟ್‌ಗೆ ದುಡ್ಡು ಕೊಡುವ ಮುಂಚೆ ಹೀಗೆ ಅಳೆದು ನೋಡಿ

ನಾನು ಡೀಸಲ್ ಎಂಜಿನ್‌ಗಳ ಪಂಪ್ ರಿಪೇರಿ ಕೆಲಸದವನು. ದಾವಣಗೆರೆಯಲ್ಲಿ ಒಂದು ಚಿಕ್ಕ ಅಂಗಡಿ ಇದೆ. ಟ್ರ್ಯಾಕ್ಟರ್, ಲಾರಿ, ಪಿಕಪ್‌ಗಳ ಪಂಪು, ಎಂಜಿನ್‌ಗೆ ಡೀಸಲ್ ಚಿಮ್ಮಿಸುವ ಇಂಜೆಕ್ಟರ್ ಬಿಚ್ಚಿ, ಬೆಂಚಿನ ಮೇಲೆ ಕೂರಿಸಿ, ಅಳೆದು ಸರಿಮಾಡಿ ಕೊಡುವುದು ದಿನದ ಕೆಲಸ. ಬೆಂಚಿನ ಮುಂದೆ ಗಾಜಿನ ಕೊಳವೆಗಳು ಸಾಲಾಗಿ ನಿಂತಿರುತ್ತವೆ. ಪಂಪು ಇಷ್ಟು ಸುತ್ತು ತಿರುಗಿದರೆ ಪ್ರತಿ ಕೊಳವೆಗೂ ಇಷ್ಟೇ ಮಿ.ಲೀ. ಡೀಸಲ್ ಬೀಳಬೇಕು. ನಾಲ್ಕರಲ್ಲಿ ಒಂದು ಕೊಳವೆ ಒಂದೆರಡು ಗೆರೆ ಮೇಲೆ ಹೋದರೂ ಕೆಲಸ ಮುಗಿದಿಲ್ಲ ಎಂದೇ ಅರ್ಥ. ಈ ಅಭ್ಯಾಸದಿಂದಾಗಿ ಯಾರಾದರೂ "ಮೈಲೇಜ್ ಜಾಸ್ತಿ ಆಯ್ತು" ಅಂದರೆ ನಾನು ಮೊದಲು ಕೇಳುವುದು ಒಂದೇ: ಎಷ್ಟು ಜಾಸ್ತಿ, ಹೇಗೆ ಅಳೆದಿರಿ?

ಇದನ್ನು ಬರೆಯಲು ಕಾರಣ ಒಬ್ಬ ಪಿಕಪ್ ಓನರ್. ಮೆಕ್ಕೆಜೋಳದ ಲೋಡ್ ಹೊಡೆಯುವವರು. ಗಾಡಿ ಹಳೆಯದು, ಎರಡೂವರೆ ಲೀಟರಿನ ಡೀಸಲ್ ಎಂಜಿನ್, ಮೆಕ್ಯಾನಿಕಲ್ ಪಂಪು. 28,000 ರೂಪಾಯಿ ಕೊಟ್ಟು, ನೀರನ್ನು ಒಡೆದು ಗ್ಯಾಸ್ ಮಾಡಿ ಎಂಜಿನ್‌ಗೆ ಬಿಡುವ ಹೈಡ್ರೋಜನ್ ಕಿಟ್ ಹಾಕಿಸಿಕೊಂಡಿದ್ದರು. ನೂರಕ್ಕೆ 30ರಷ್ಟು ಡೀಸಲ್ ಉಳಿಯುತ್ತದೆ ಎಂದು ಮಾರಿದವರು ಹೇಳಿದ್ದರಂತೆ. ಎರಡು ತಿಂಗಳು ಓಡಿಸಿ ನನ್ನ ಹತ್ತಿರ ಬಂದರು. "ಒಮ್ಮೆ ಉಳೀತಿದೆ ಅನ್ಸುತ್ತೆ, ಒಮ್ಮೆ ಇಲ್ಲ ಅನ್ಸುತ್ತೆ. ನೀವು ಅಳೆಯೋರು, ನೀವೇ ಹೇಳಿ" ಅಂದರು. ನಾವಿಬ್ಬರೂ ನಾಲ್ಕು ದಿನ ಕೂತು ಅಳೆದೆವು. ಆ ಕ್ರಮವನ್ನೇ ಇಲ್ಲಿ ಬರೆಯುತ್ತಿದ್ದೇನೆ. ನಿಮಗೂ ಯಾರಾದರೂ ಈ ಕಿಟ್ ತೋರಿಸಿದರೆ, ದುಡ್ಡು ಕೊಡುವ ಮುಂಚೆ ಇಷ್ಟು ಮಾಡಿ.

ಡಬ್ಬಿಯೊಳಗೆ ಏನಿದೆ

ಬಾನೆಟ್ ಒಳಗೆ ಸ್ಟೀಲ್ ತಟ್ಟೆಗಳನ್ನು ರಬ್ಬರ್ ರಿಂಗ್ ಇಟ್ಟು ಜೋಡಿಸಿದ ಒಂದು ಗಟ್ಟಿ ಇರುತ್ತದೆ. ಅದೇ ಸೆಲ್. ಪಕ್ಕದಲ್ಲಿ ನೀರಿನ ಡಬ್ಬಿ. ನೀರಿಗೆ ಕರೆಂಟ್ ಹರಿಯಲಿ ಎಂದು ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಬೆರೆಸಿರುತ್ತಾರೆ. ಅಂಗಡಿಯಲ್ಲಿ ಕೆಒಎಚ್ ಅಂದರೆ ಕೊಡುತ್ತಾರೆ. ಗಾಡಿಯ ಕರೆಂಟ್ ಕೊಟ್ಟಾಗ ನೀರು ಒಡೆದು ಎರಡು ಪಾಲು ಹೈಡ್ರೋಜನ್, ಒಂದು ಪಾಲು ಆಕ್ಸಿಜನ್ ಹೊರಬರುತ್ತವೆ. ಈ ಮಿಶ್ರಣವನ್ನೇ ಎಚ್‌ಎಚ್‌ಒ ಅನ್ನುತ್ತಾರೆ. ಅದು ನೀರು ತುಂಬಿದ ಇನ್ನೊಂದು ಡಬ್ಬಿಯ ಮೂಲಕ ಗುಳುಗುಳು ಎಂದು ಹಾದು ಏರ್ ಫಿಲ್ಟರ್ ಆಚೆಯ ಹೋಸ್‌ಗೆ ಸೇರುತ್ತದೆ. ಆ ಎರಡನೇ ಡಬ್ಬಿಗೆ ಬಬ್ಲರ್ ಎಂದು ಹೆಸರು. ಎಂಜಿನ್ ಕಡೆಯಿಂದ ಬೆಂಕಿ ಹಿಂದಕ್ಕೆ ಬಂದರೆ ನೀರಲ್ಲೇ ಆರಲಿ ಎಂದು ಅದನ್ನು ಇಡುತ್ತಾರೆ.

ಇದರಲ್ಲಿ ಕಣ್ಕಟ್ಟು ಏನೂ ಇಲ್ಲ. ಗ್ಯಾಸ್ ನಿಜವಾಗಿಯೂ ಬರುತ್ತದೆ, ಅದು ಉರಿಯುವುದೂ ನಿಜ. ಮಾರುವವರು ಗ್ಯಾಸನ್ನು ಸೋಪಿನ ನೀರಿಗೆ ಬಿಟ್ಟು, ಗುಳ್ಳೆಗೆ ಕಡ್ಡಿ ಗೀರಿ, ಢಂ ಅನ್ನಿಸಿ ತೋರಿಸುತ್ತಾರೆ. ನೋಡಿದವರು ಅಲ್ಲೇ ನಂಬುತ್ತಾರೆ. ಶಬ್ದ ನಿಜ. ಆದರೆ ನಮಗೆ ಬೇಕಾದ ಪ್ರಶ್ನೆಯೇ ಬೇರೆ. ಆ ಗ್ಯಾಸ್ ಮಾಡಲು ಎಷ್ಟು ಡೀಸಲ್ ಉರಿಯಿತು, ಗ್ಯಾಸ್ ಎಷ್ಟು ಡೀಸಲ್ ಉಳಿಸಿತು? ಕರೆಂಟ್ ಆಲ್ಟರ್ನೇಟರ್‌ನಿಂದ ಬರುತ್ತದೆ. ಆಲ್ಟರ್ನೇಟರ್‌ನ್ನು ಬೆಲ್ಟ್ ತಿರುಗಿಸುತ್ತದೆ. ಬೆಲ್ಟನ್ನು ಎಂಜಿನ್ ತಿರುಗಿಸುತ್ತದೆ. ಎಂಜಿನ್ ಡೀಸಲ್ ಕುಡಿಯುತ್ತದೆ. ಈ ಸುತ್ತನ್ನು ಒಮ್ಮೆ ಬೆರಳಿಟ್ಟು ನೋಡಿಕೊಳ್ಳಿ. ಗಾಡಿ ಓಡುವಾಗ ಬ್ಯಾಟರಿಯಿಂದ ಪುಕ್ಕಟೆ ಬರುವ ಕರೆಂಟ್ ಅಂತ ಒಂದಿಲ್ಲ.

ಮೊದಲು ಗ್ಯಾಸ್ ಅಳೆಯಿರಿ

ಇದಕ್ಕೆ ಬೇಕಾಗುವುದು ಒಂದು ಬಕೆಟ್ ನೀರು, ಒಂದು ಲೀಟರಿನ ಪ್ಲಾಸ್ಟಿಕ್ ಬಾಟಲ್, ಡಿಸಿ ಕರೆಂಟ್ ತೋರಿಸುವ ಕ್ಲ್ಯಾಂಪ್ ಮೀಟರ್, ಮೊಬೈಲಿನ ಸ್ಟಾಪ್‌ವಾಚ್. ಕ್ಲ್ಯಾಂಪ್ ಮೀಟರ್ ಕೊಳ್ಳುವಾಗ ಡಿಸಿ ಇದೆಯಾ ಎಂದು ಕೇಳಿ ತಗೊಳ್ಳಿ. ಮನೆ ವೈರಿಂಗ್‌ನವರು ಇಟ್ಟುಕೊಳ್ಳುವ ಎಷ್ಟೋ ಮೀಟರ್‌ಗಳು ಎಸಿ ಕರೆಂಟನ್ನು ಮಾತ್ರ ತೋರಿಸುತ್ತವೆ.

ಬಯಲಲ್ಲಿ ಮಾಡಿ. ಶೆಡ್ ಒಳಗೆ ಬೇಡವೇ ಬೇಡ. ಕನ್ನಡಕ, ರಬ್ಬರ್ ಗ್ಲೌಸ್ ಹಾಕಿಕೊಳ್ಳಿ. ಕೆಒಎಚ್ ಕಣ್ಣಿಗೆ ಬಿದ್ದರೆ ದೃಷ್ಟಿಯೇ ಹೋಗಬಹುದು. ಮೈಗೆ ತಾಗಿದರೆ 20 ನಿಮಿಷ ಹರಿಯುವ ನೀರಲ್ಲಿ ತೊಳೆಯಿರಿ. ನಿಂಬೆಹಣ್ಣು, ವಿನೆಗರ್ ಹಚ್ಚಲು ಹೋಗಬೇಡಿ. ಕಣ್ಣಿಗಾದರೆ ತೊಳೆಯುತ್ತಲೇ ಆಸ್ಪತ್ರೆಗೆ ಹೊರಡಿ.

ಬಬ್ಲರ್‌ನಿಂದ ಎಂಜಿನ್‌ಗೆ ಹೋಗುವ ಪೈಪನ್ನು ಬಿಚ್ಚಿ ಅದರ ತುದಿಯನ್ನು ಬಕೆಟ್ ನೀರಿನೊಳಗೆ ಬಿಡಿ. ಬಾಟಲಿಗೆ ಕಂಠಪೂರ್ತಿ ನೀರು ತುಂಬಿ, ಬಾಯಿಗೆ ಅಂಗೈ ಮುಚ್ಚಿ, ಬಕೆಟ್‌ನಲ್ಲಿ ತಲೆಕೆಳಗಾಗಿ ನಿಲ್ಲಿಸಿ. ಎಂಜಿನ್ ಸ್ಟಾರ್ಟ್ ಮಾಡಿ, ಕಿಟ್ ಆನ್ ಮಾಡಿ, ಅರ್ಧ ಗಂಟೆ ಹಾಗೇ ಬಿಡಿ. ತಣ್ಣಗಿದ್ದಾಗ ಸೆಲ್ ಎಳೆಯುವ ಕರೆಂಟೇ ಬೇರೆ, ಬಿಸಿಯಾದಾಗ ಎಳೆಯುವುದೇ ಬೇರೆ. ಆಮೇಲೆ ಪೈಪಿನ ತುದಿಯನ್ನು ಬಾಟಲಿಯ ಬಾಯೊಳಗೆ ತೂರಿಸಿ ಸ್ಟಾಪ್‌ವಾಚ್ ಒತ್ತಿ. ಗುಳ್ಳೆಗಳು ಮೇಲೇರಿ ನೀರನ್ನು ಕೆಳಗೆ ತಳ್ಳುತ್ತವೆ. ಬಾಟಲ್ ಪೂರ್ತಿ ಖಾಲಿಯಾಗಲು ಎಷ್ಟು ಸೆಕೆಂಡ್ ಹಿಡಿಯಿತು ಎಂದು ಬರೆದುಕೊಳ್ಳಿ. ಅದೇ ಹೊತ್ತಿಗೆ ಸೆಲ್‌ಗೆ ಹೋಗುವ ದಪ್ಪ ವೈರಿಗೆ ಕ್ಲ್ಯಾಂಪ್ ಹಾಕಿ ಕರೆಂಟ್ ನೋಡಿ. ಸೆಲ್‌ನ ಎರಡು ತುದಿಗೆ ಮಲ್ಟಿಮೀಟರ್ ಹಿಡಿದು ವೋಲ್ಟೇಜ್ ನೋಡಿ.

ಬಾಟಲಿಯಲ್ಲಿರುವ ಗ್ಯಾಸನ್ನು ಬಯಲಿಗೆ ಬಿಟ್ಟುಬಿಡಿ. ಇಟ್ಟುಕೊಳ್ಳಬೇಡಿ, ಇನ್ನೊಂದು ಡಬ್ಬಿಗೆ ತುಂಬಬೇಡಿ, ಹಚ್ಚಿ ನೋಡಬೇಡಿ. ಎಲ್‌ಪಿಜಿ ಉರಿಯಬೇಕಾದರೆ ಹೊರಗಿನ ಗಾಳಿ ಬೇಕು. ಇದರಲ್ಲಿ ಆಕ್ಸಿಜನ್ ಆಗಲೇ ಸರಿಯಾದ ಪಾಲಿನಲ್ಲಿ ಬೆರೆತಿದೆ. ಹಾಗಾಗಿ ಇದು ನಿಧಾನವಾಗಿ ಉರಿಯುವುದಿಲ್ಲ, ಸಿಡಿಯುತ್ತದೆ. ಕಿಡಿಯೂ ದೊಡ್ಡದು ಬೇಕಿಲ್ಲ. ಪೆಟ್ರೋಲ್ ಆವಿಯನ್ನು ಹೊತ್ತಿಸಲು ಬೇಕಾದ ಶಕ್ತಿಯ ಹತ್ತರಲ್ಲಿ ಒಂದು ಪಾಲು ಹೈಡ್ರೋಜನ್‌ಗೆ ಸಾಕು.

ಇದನ್ನು ನಾನು ಅನುಭವದಿಂದಲೇ ಹೇಳುತ್ತಿದ್ದೇನೆ. ಪಿಕಪ್ ಬರುವ ಮುಂಚೆ, ಒಂದು ಬಿಡಿ ಸೆಲ್ ತಂದು ಬ್ಯಾಟರಿಗೆ ಮೊಸಳೆ ಕ್ಲಿಪ್ ಹಾಕಿ ನೋಡುತ್ತಿದ್ದೆ. ಅರ್ಧ ಲೀಟರಿನ ಬಾಟಲ್ ತುಂಬಿತ್ತು. ಅದನ್ನು ಎತ್ತಿ ಬ್ಯಾಟರಿ ಪಕ್ಕದಲ್ಲೇ ಇಟ್ಟು ಕ್ಲಿಪ್ ಎಳೆದೆ. ಕ್ಲಿಪ್ ಬಿಡುವಾಗ ಸಣ್ಣದೊಂದು ಚಟ್ ಆಯಿತು, ಅಷ್ಟೇ. ಬಾಟಲ್ ಚಿಂದಿಯಾಯಿತು. ಮುಚ್ಚಳವಿಲ್ಲದ ತೆಳು ಪ್ಲಾಸ್ಟಿಕ್ ಆದ್ದರಿಂದ ಬಚಾವಾದೆ. ಎರಡು ದಿನ ಬಲಗಿವಿ ಗುಂಯ್ ಅನ್ನುತ್ತಿತ್ತು. ಗಾಜಿನ ಬಾಟಲ್ ಆಗಿದ್ದರೆ ಏನಾಗುತ್ತಿತ್ತೋ, ಇವತ್ತಿಗೂ ನೆನೆದರೆ ಕೈ ತಣ್ಣಗಾಗುತ್ತದೆ. ಅವತ್ತಿನಿಂದ ನಾನು ಕ್ಲಿಪ್ಪನ್ನು ನೇರವಾಗಿ ಎಳೆಯುವುದಿಲ್ಲ. ಎರಡು ಮೀಟರ್ ದೂರದಲ್ಲಿ ಒಂದು ಸ್ವಿಚ್, ನಡುವೆ ಫ್ಯೂಸ್. ಮೊದಲು ಸ್ವಿಚ್ ಆಫ್. ಆಮೇಲೆ ಬಾಟಲ್ ಖಾಲಿ. ಎರಡು ನಿಮಿಷ ಬಿಟ್ಟು ವೈರ್.

ಪಿಕಪ್ಪಿನಲ್ಲಿ ನಮಗೆ ಸಿಕ್ಕಿದ್ದು ಇಷ್ಟು. ಒಂದು ಲೀಟರ್ ತುಂಬಲು 46 ಸೆಕೆಂಡ್. ಅಂದರೆ ನಿಮಿಷಕ್ಕೆ 1.3 ಲೀಟರ್. ಕರೆಂಟ್ 17 ಆಂಪ್. ವೋಲ್ಟೇಜ್ 13.6.

ಈಗ ಲೆಕ್ಕ

ಇಲ್ಲಿ ಯಾರ ಮಾತನ್ನೂ ನಂಬಬೇಕಿಲ್ಲ. ವಿಜ್ಞಾನಿ ಫ್ಯಾರಡೆ 1830ರ ದಶಕದಲ್ಲೇ ಕಂಡುಕೊಂಡ ನಿಯಮ ಒಂದಿದೆ. ಎರಡು ತಟ್ಟೆಗಳ ನಡುವಿನ ಒಂದು ಸಂದಿನಲ್ಲಿ 1 ಆಂಪ್ ಕರೆಂಟ್ 1 ಗಂಟೆ ಹರಿದರೆ 0.0376 ಗ್ರಾಂ ಹೈಡ್ರೋಜನ್ ಬರುತ್ತದೆ. ಎಂಥ ಸ್ಟೀಲ್ ಹಾಕಿ, ಎಂಥ ಸರ್ಕ್ಯೂಟ್ ಕೂರಿಸಿ, ಅದಕ್ಕಿಂತ ಜಾಸ್ತಿ ಬರುವುದಿಲ್ಲ. ಪಿಕಪ್ಪಿನ ಸೆಲ್‌ನಲ್ಲಿ ಎರಡು ವೈರ್‌ಗಳ ನಡುವೆ 8 ತಟ್ಟೆ, 7 ಸಂದು. 7ನ್ನು 17ರಿಂದ ಗುಣಿಸಿ, ಆಮೇಲೆ 0.0376ರಿಂದ ಗುಣಿಸಿ. ಗಂಟೆಗೆ ಸುಮಾರು ನಾಲ್ಕೂವರೆ ಗ್ರಾಂ. ಅದು ಮೇಲಿನ ಮಿತಿ. ಬಾಟಲಿನ ಅಳತೆ ಪ್ರಕಾರ ನಮಗೆ ಸಿಗುತ್ತಿದ್ದುದು ಮೂರು ಮುಕ್ಕಾಲು ಗ್ರಾಂ ಆಸುಪಾಸು. ಸೆಲ್ ಕೆಟ್ಟದ್ದೇನಲ್ಲ, ಚೆನ್ನಾಗಿಯೇ ಕೆಲಸ ಮಾಡುತ್ತಿತ್ತು. ನಿಮ್ಮ ಬಾಟಲ್ ಈ ಮಿತಿಗಿಂತ ಬಹಳ ಬೇಗ ತುಂಬುತ್ತಿದ್ದರೆ ಖುಷಿಪಡಬೇಡಿ. ಸೆಲ್ ಕುದಿಯುತ್ತಿದೆ, ಗ್ಯಾಸಿನ ಜೊತೆ ಹಬೆ ಬರುತ್ತಿದೆ ಎಂದು ತಿಳಿಯಿರಿ.

1 ಗ್ರಾಂ ಹೈಡ್ರೋಜನ್ ಉರಿದರೆ ಸುಮಾರು 120 ಕಿಲೋಜೂಲ್ ಶಾಖ. ಒಂದು ಲೀಟರ್ ಡೀಸಲ್‌ನಲ್ಲಿ ಸುಮಾರು 36,000 ಕಿಲೋಜೂಲ್ ಇರುತ್ತದೆ. ಅಂದರೆ ಆ ಕಿಟ್ ಒಂದು ಗಂಟೆಯಲ್ಲಿ ಕೊಡುವ ಹೈಡ್ರೋಜನ್ 12–13 ಮಿ.ಲೀ. ಡೀಸಲ್‌ಗೆ ಸಮ. ಒಂದು ದೊಡ್ಡ ಚಮಚದಷ್ಟೂ ಇಲ್ಲ.

ಈಗ ಖರ್ಚು. 13.6 ವೋಲ್ಟ್, 17 ಆಂಪ್ ಅಂದರೆ 231 ವ್ಯಾಟ್. ಆಲ್ಟರ್ನೇಟರ್ ತಾನು ಪಡೆದ ಶಕ್ತಿಯಲ್ಲಿ ಅರ್ಧಕ್ಕಿಂತ ಸ್ವಲ್ಪ ಜಾಸ್ತಿಯನ್ನು ಮಾತ್ರ ಕರೆಂಟ್ ಮಾಡಿ ಕೊಡುತ್ತದೆ. ಹಾಗಾಗಿ ಎಂಜಿನ್ ಬೆಲ್ಟಿಗೆ 420 ವ್ಯಾಟ್ ಕೊಡಬೇಕು. ಎಂಜಿನ್ ಕೂಡ ಡೀಸಲ್ ಶಕ್ತಿಯಲ್ಲಿ ಸುಮಾರು ಮೂರನೇ ಒಂದು ಪಾಲನ್ನಷ್ಟೇ ಕೆಲಸ ಮಾಡಿ ಕೊಡುತ್ತದೆ. ಉಳಿದದ್ದು ರೇಡಿಯೇಟರ್‌ಗೂ ಸೈಲೆನ್ಸರ್‌ಗೂ ಹೋಗುತ್ತದೆ. ಇದೆಲ್ಲ ಸೇರಿ ಗಂಟೆಗೆ ಸುಮಾರು 125–130 ಮಿ.ಲೀ. ಡೀಸಲ್.

ಕೊಟ್ಟಿದ್ದು 130, ಬಂದಿದ್ದು 13. ಬೋರಿಂಗ್ ಪಂಪಿಗೆ ಹತ್ತು ಕೊಡ ನೀರು ಸುರಿದು ಒಂದು ಕೊಡ ಎತ್ತಿದ ಹಾಗಾಯಿತು.

"ಶಕ್ತಿ ಕಮ್ಮಿ ಇರಬಹುದು, ಆದರೆ ಡೀಸಲ್ ಪೂರ್ತಿ ಉರಿಯಲು ಸಹಾಯ ಮಾಡುತ್ತೆ" ಎಂದು ಮಾರುವವರು ಹೇಳುತ್ತಾರೆ. ಓನರ್ ಕೂಡ ನನಗೆ ಇದನ್ನೇ ಕೇಳಿದರು. ಒಳ್ಳೆಯ ಪ್ರಶ್ನೆ. ಹೈಡ್ರೋಜನ್ ಬೆಂಕಿ ಬಹಳ ವೇಗವಾಗಿ ಹರಡುತ್ತದೆ ಎನ್ನುವುದು ನಿಜ. ಆದರೆ ಎಷ್ಟು ಹೈಡ್ರೋಜನ್? ಎರಡೂವರೆ ಲೀಟರ್ ಎಂಜಿನ್ 2000 ಆರ್‌ಪಿಎಂನಲ್ಲಿ ನಿಮಿಷಕ್ಕೆ ಸುಮಾರು 2500 ಲೀಟರ್ ಗಾಳಿ ಎಳೆಯುತ್ತದೆ. ಅದಕ್ಕೆ ನಮ್ಮ ಗ್ಯಾಸ್ 1.3 ಲೀಟರ್. ಮನೆ ಮೇಲಿನ 500 ಲೀಟರಿನ ಐದು ಟ್ಯಾಂಕ್ ನೀರಿಗೆ ಒಂದು ಬಾಟಲ್ ಶರಬತ್ತು ಬೆರೆಸಿದ ಲೆಕ್ಕ. ಗಾಳಿಯಲ್ಲಿ ಹೈಡ್ರೋಜನ್ ತಾನಾಗಿ ಬೆಂಕಿ ಹರಡಬೇಕಾದರೆ ನೂರಕ್ಕೆ ಕನಿಷ್ಠ 4 ಪಾಲು ಇರಬೇಕು. ಇಲ್ಲಿ ನೂರಕ್ಕೆ 0.05 ಪಾಲೂ ಇಲ್ಲ. ಇನ್ನೊಂದು ವಿಷಯ. ಸರಿಯಾಗಿರುವ ಡೀಸಲ್ ಎಂಜಿನ್‌ನಲ್ಲಿ ಡೀಸಲ್ ಆಗಲೇ ನೂರಕ್ಕೆ 98ಕ್ಕಿಂತ ಜಾಸ್ತಿ ಉರಿಯುತ್ತಿರುತ್ತದೆ. ಉರಿಯದೆ ಉಳಿದ 30 ಪಾಲು ಅಂತ ಒಂದು ಎಲ್ಲೂ ಇಲ್ಲ, ಉಳಿಸಲಿಕ್ಕೆ.

ರಸ್ತೆಯಲ್ಲಿ ಅಳೆಯುವುದು

ಲೆಕ್ಕ ಕಾಗದದ ಮೇಲಿನದು. ಓನರ್‌ಗೆ ರಸ್ತೆಯ ಉತ್ತರ ಬೇಕಿತ್ತು. ನನಗೂ ಬೇಕಿತ್ತು. ಇದರಲ್ಲಿ ಅವಸರ ಮಾಡಬಾರದು. ಜನ ತಪ್ಪುವುದೇ ಇಲ್ಲಿ.

ಮೊದಲ ನಿಯಮ: ಕಿಟ್ ಇಲ್ಲದೆ, ಕಿಟ್ ಹಾಕಿ, ಮತ್ತೆ ಕಿಟ್ ಇಲ್ಲದೆ. ಮೂರು ಸಲ. ಮೂರನೆಯದನ್ನು ಯಾರೂ ಮಾಡುವುದಿಲ್ಲ. ಅದೇ ಎಲ್ಲಕ್ಕಿಂತ ಮುಖ್ಯ. ಮೊದಲನೆಯದೂ ಮೂರನೆಯದೂ ಒಂದಕ್ಕೊಂದು ಹತ್ತಿರ ಬರದಿದ್ದರೆ ನಿಮ್ಮ ಅಳತೆಯೇ ಅಲುಗಾಡುತ್ತಿದೆ ಎಂದರ್ಥ. ಆಗ ನಡುವಿನ ಅಂಕಿಗೆ ಬೆಲೆ ಇಲ್ಲ.

ಎರಡನೆಯದು, ಡ್ರೈವರ್‌ಗೆ ಕಿಟ್ ಆನ್ ಇದೆಯೋ ಆಫ್ ಇದೆಯೋ ಗೊತ್ತಿರಬಾರದು. ನಾವು ಸ್ವಿಚ್ಚನ್ನು ಬಾನೆಟ್ ಒಳಗೆ ಹಾಕಿ ಟೇಪ್ ಸುತ್ತಿದೆವು. ಡ್ಯಾಶ್‌ಬೋರ್ಡಿನ ಹಸಿರು ಲೈಟ್ ತೆಗೆದೆವು. ಬೆಳಿಗ್ಗೆ ನಾನೇ ಬಾನೆಟ್ ಎತ್ತಿ ಆನ್ ಅಥವಾ ಆಫ್ ಮಾಡಿ ಚೀಟಿಯಲ್ಲಿ ಬರೆದು ಜೇಬಿಗೆ ಹಾಕಿಕೊಳ್ಳುತ್ತಿದ್ದೆ. ಡ್ರೈವರ್ ಮೋಸ ಮಾಡುತ್ತಾನೆ ಅಂತಲ್ಲ. 28,000 ಕೊಟ್ಟ ಮೇಲೆ ಯಾರ ಬಲಗಾಲಾದರೂ ತಾನಾಗಿ ಹಗುರಾಗುತ್ತದೆ. ಆ ಹಗುರ ಕಾಲೇ ನೂರಕ್ಕೆ ಹತ್ತು ಪಾಲು ಡೀಸಲ್ ಉಳಿಸಿಬಿಡುತ್ತದೆ, ಹೆಸರು ಮಾತ್ರ ಕಿಟ್‌ಗೆ ಹೋಗುತ್ತದೆ.

ಮೂರನೆಯದು, ಎಲ್ಲವೂ ಒಂದೇ ಇರಬೇಕು. ಅದೇ ಡ್ರೈವರ್, ಅದೇ ದಾರಿ, ಅದೇ ಲೋಡ್. ನಾವು 12 ಚೀಲ ಮೆಕ್ಕೆಜೋಳ ಹೇರಿ ಮೂರೂ ದಿನ ಕೆಳಗಿಳಿಸಲೇ ಇಲ್ಲ. ಟೈರ್ ಗಾಳಿಯನ್ನು ದಿನಾ ಬೆಳಿಗ್ಗೆ ತಣ್ಣಗಿದ್ದಾಗಲೇ ನೋಡಿದೆವು. ದಾರಿ ದಾವಣಗೆರೆಯಿಂದ ಚಿತ್ರದುರ್ಗ, ಅಲ್ಲಿಂದ ವಾಪಸ್, ಸುಮಾರು 120 ಕಿ.ಮೀ. ಹೋಗಿ ವಾಪಸ್ ಬರುವುದು ಮುಖ್ಯ. ಏರು ಇಳಿತ ಎರಡೂ ಸರಿತೂಗುತ್ತವೆ. ಹೊರಟಿದ್ದು ಬೆಳಿಗ್ಗೆ ಆರಕ್ಕೆ. ಚಿತ್ರದುರ್ಗದ ಗುಡ್ಡಗಳ ಮೇಲೆ ಅಷ್ಟೊಂದು ಗಾಳಿಯಂತ್ರ ಹಾಕಿದ್ದಾರೆ ಅಂದರೆ ಆ ದಾರಿಯಲ್ಲಿ ಎಂಥ ಗಾಳಿ ಎಂದು ನೀವೇ ಯೋಚಿಸಿ. ಮಧ್ಯಾಹ್ನದ ಎದುರುಗಾಳಿಯಲ್ಲಿ ಎಂಥ ಅಳತೆಯೂ ಕೆಡುತ್ತದೆ. ವೇಗ 50ರ ಆಸುಪಾಸು, ಓವರ್‌ಟೇಕ್ ಇಲ್ಲ.

ಡೀಸಲನ್ನು ನಾವು ತೂಕ ಮಾಡಿದೆವು. ಟ್ಯಾಂಕಿನ ಪೈಪ್ ಬಿಚ್ಚಿ, ಲೋಡ್ ಬಾಡಿಯಲ್ಲಿ ಬೆಲ್ಟ್ ಹಾಕಿ ಬಿಗಿದ 20 ಲೀಟರ್ ಕ್ಯಾನಿಗೆ ಜೋಡಿಸಿದೆವು. ಒಂದು ಮಾತು ಮರೆಯಬೇಡಿ: ಡೀಸಲ್ ಗಾಡಿಗೆ ಹೋಗುವ ಪೈಪ್ ಒಂದು, ವಾಪಸ್ ಬರುವ ಪೈಪ್ ಇನ್ನೊಂದು. ಎರಡನ್ನೂ ಅದೇ ಕ್ಯಾನಿಗೆ ಹಾಕಬೇಕು. ರಿಟರ್ನ್ ಪೈಪ್ ಹಳೆ ಟ್ಯಾಂಕಿನಲ್ಲೇ ಉಳಿದರೆ ಉರಿಯದ ಡೀಸಲೂ ಖರ್ಚಿನಲ್ಲಿ ಸೇರಿ ಲೆಕ್ಕ ಹಳ್ಳ ಹಿಡಿಯುತ್ತದೆ. ಪೈಪ್ ಬದಲಿಸಿದ ಮೇಲೆ ಹ್ಯಾಂಡ್ ಪ್ರೈಮರ್ ಒತ್ತಿ ಏರ್ ತೆಗೆಯಿರಿ. ಐದು ಕಿ.ಮೀ. ಓಡಿಸಿ ಎಂಜಿನ್ ಬಿಸಿ ಮಾಡಿ, ಆಮೇಲೆ ಮೊದಲ ತೂಕ. ಕಿರಾಣಿ ಅಂಗಡಿಯ 30 ಕೆ.ಜಿ.ಯ ಡಿಜಿಟಲ್ ತಕ್ಕಡಿ ಸಾಕು. ಲೀಟರಿನಲ್ಲಿ ಅಳೆದರೆ ಬಿಸಿಗೆ ಡೀಸಲ್ ಹಿಗ್ಗುತ್ತದೆ. ತೂಕ ಹಿಗ್ಗುವುದಿಲ್ಲ.

ಈ ಕ್ಯಾನ್ ವಿಧಾನ ಹಳೆಯ ಮೆಕ್ಯಾನಿಕಲ್ ಪಂಪಿನ ಡೀಸಲ್ ಗಾಡಿಗೆ ಮಾತ್ರ, ಅದೂ ಕೈ ಪಳಗಿದವರು ಮಾಡಬೇಕು. ಕಂಪ್ಯೂಟರ್ ಹಿಡಿತದಲ್ಲಿ ಹೆಚ್ಚು ಒತ್ತಡದಿಂದ ಡೀಸಲ್ ಚಿಮ್ಮಿಸುವ ಕಾಮನ್ ರೈಲ್ ಗಾಡಿಗೆ ಬೇಡ. ಪೆಟ್ರೋಲ್ ಗಾಡಿಗಂತೂ ಕನಸಲ್ಲೂ ಬೇಡ. ಅವಕ್ಕೆ ಫುಲ್ ಟ್ಯಾಂಕ್ ಲೆಕ್ಕವೇ ಸರಿ. ಅದೇ ಬಂಕ್, ಅದೇ ಗನ್, ಗಾಡಿ ಅದೇ ಜಾಗದಲ್ಲಿ ಅದೇ ಮುಖವಾಗಿ ನಿಲ್ಲಬೇಕು. ಗನ್ ಮೊದಲ ಸಲ ಟಕ್ ಎಂದಾಗಲೇ ನಿಲ್ಲಿಸಬೇಕು. ಪ್ರತಿ ಸಲ ಕನಿಷ್ಠ 400 ಕಿ.ಮೀ. ಓಡಿಸಿ. ಐವತ್ತು ನೂರು ಕಿ.ಮೀ. ಓಡಿಸಿ ಮೈಲೇಜ್ ಹೇಳಿದರೆ ಅದು ಅಂದಾಜು ಅಷ್ಟೇ.

ನಮ್ಮ ಅಂಕಿಗಳು ಇವು. ಮೊದಲ ದಿನ ಕಿಟ್ ಆಫ್: 7.68 ಕೆ.ಜಿ. ಎರಡನೇ ದಿನ ಆನ್: 7.88 ಕೆ.ಜಿ. ಮೂರನೇ ದಿನ ಮತ್ತೆ ಆಫ್: 7.65 ಕೆ.ಜಿ. ಮೈಲೇಜಿಗೆ ತಿರುಗಿಸಿದರೆ ಕಿಟ್ ಇಲ್ಲದೆ ಲೀಟರಿಗೆ 13, ಕಿಟ್ ಹಾಕಿದರೆ 12.6. ಮೂರನೇ ದಿನದ ಕ್ಯಾನ್ ತಕ್ಕಡಿಯ ಮೇಲೆ ಇಟ್ಟಾಗ ಓನರ್ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತು ಅಂಕಿ ನಿಲ್ಲುವವರೆಗೂ ನೋಡಿದರು. ನಾನು ಜೇಬಿನ ಚೀಟಿ ತೆಗೆದು ಕೊಟ್ಟೆ. ಅವರು ಏನೂ ಹೇಳಲಿಲ್ಲ. ಚೀಟಿ ಮಡಚಿ ಲೈಸೆನ್ಸ್ ಜೊತೆ ಇಟ್ಟುಕೊಂಡರು. ನನಗೆ ಹೊಟ್ಟೆ ಉರಿಯಿತು. 28,000 ಅಂದರೆ ಆ ಗಾಡಿಗೆ ನಾಲ್ಕು ಹೊಸ ಟೈರಿನ ದುಡ್ಡು.

ಹಾಗಾದರೆ ಕೆಲವರಿಗೆ ಉಳಿದಿದ್ದು ಹೇಗೆ

ಸುಳ್ಳು ಹೇಳುತ್ತಾರೆ ಎಂದು ನಾನು ಅಂದುಕೊಳ್ಳುವುದಿಲ್ಲ. ಕಿಟ್ ಕೂರಿಸುವ ದಿನ ಏರ್ ಫಿಲ್ಟರ್ ಬದಲಿಸುತ್ತಾರೆ, ಟೈರಿಗೆ ಗಾಳಿ ಹಿಡಿಸುತ್ತಾರೆ, ಕೆಲವೊಮ್ಮೆ ಇಂಜೆಕ್ಟರೂ ಕ್ಲೀನ್ ಮಾಡುತ್ತಾರೆ. ಮೈಲೇಜ್ ಏರುವುದು ಅದರಿಂದ. ಪೆಟ್ರೋಲ್ ಗಾಡಿಗಳಲ್ಲಿ ಇನ್ನೊಂದಿದೆ. ಕಿಟ್ ಜೊತೆ ಒಂದು ಸಣ್ಣ ಸರ್ಕ್ಯೂಟ್ ಕೊಟ್ಟು ಆಕ್ಸಿಜನ್ ಸೆನ್ಸರ್‌ನ ವೈರಿಗೆ ಸೇರಿಸುತ್ತಾರೆ. ಅದು ಇಸಿಯುಗೆ, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರ್‌ಗೆ, ತಪ್ಪು ಸುದ್ದಿ ಕೊಟ್ಟು ಪೆಟ್ರೋಲ್ ಕಮ್ಮಿ ಮಾಡಿಸುತ್ತದೆ. ಮೈಲೇಜ್ ಒಂದಿಷ್ಟು ಏರಬಹುದು. ಆದರೆ ಮಿಶ್ರಣ ತೀರಾ ತೆಳುವಾದರೆ ಮಿಸ್‌ಫೈರ್ ಆಗುತ್ತದೆ, ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಹಾಳಾಗುತ್ತದೆ, ಹೊಗೆ ಪರೀಕ್ಷೆಯಲ್ಲಿ ಗಾಡಿ ಫೇಲ್ ಆಗುತ್ತದೆ. ಇಂಥ ಸರ್ಕ್ಯೂಟ್ ಕಂಡರೆ ಕೂಡಲೇ ಬೇಡ ಅನ್ನಿ.

ನೀರಿನಿಂದ ಗಾಡಿ ಓಡಿಸುತ್ತೇನೆ ಎಂದವರ ಕಥೆ ಹಳೆಯದು. ಅಮೆರಿಕದ ಸ್ಟ್ಯಾನ್ಲಿ ಮೇಯರ್ ಎಂಬುವರ ಮೇಲೆ ದುಡ್ಡು ಹಾಕಿದವರು ಕೇಸ್ ಹಾಕಿದ್ದರು. 1996ರಲ್ಲಿ ಓಹಾಯೋದ ಕೋರ್ಟ್ ಅವರ ಸೆಲ್ ಅನ್ನು ಪರಿಣತರಿಂದ ನೋಡಿಸಿತು. ಅದು ಮಾಮೂಲಿ ಎಲೆಕ್ಟ್ರಾಲಿಸಿಸ್ ಅಷ್ಟೇ ಎಂದು ಗೊತ್ತಾಯಿತು. ವಂಚನೆ ಎಂದು ತೀರ್ಪು ಕೊಟ್ಟು ದುಡ್ಡು ವಾಪಸ್ ಕೊಡಿಸಿತು.

ನಿಜವಾದ ಹೈಡ್ರೋಜನ್ ಬೇರೆ

ಇಷ್ಟು ಹೇಳಿದ ಮೇಲೆ ಹೈಡ್ರೋಜನ್ನೇ ಸುಳ್ಳು ಎಂದು ದಯವಿಟ್ಟು ತಿಳಿಯಬೇಡಿ. ನನಗೆ ಆ ಗ್ಯಾಸಿನ ಮೇಲೆ ಬಹಳ ಆಸೆ ಇದೆ. ಹೊರಗಡೆ ತಯಾರಿಸಿ, ಸಿಲಿಂಡರ್‌ಗೆ ತುಂಬಿ, ಗಾಡಿಗೆ ಕೊಟ್ಟರೆ ಅದು ಪಕ್ಕಾ ಇಂಧನ. ದೆಹಲಿಯಲ್ಲಿ 2020ರಲ್ಲಿ 50 ಬಸ್‌ಗಳಿಗೆ ಸಿಎನ್‌ಜಿ ಜೊತೆ ಹೈಡ್ರೋಜನ್ ಬೆರೆಸಿ ಓಡಿಸುವ ಪ್ರಯೋಗ ಶುರುವಾಯಿತು. ಬೆರಕೆ ನೂರಕ್ಕೆ 18ರ ಆಸುಪಾಸು.  2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲಿ ನಡೆದ ಇಂಡಿಯಾ ಎನರ್ಜಿ ವೀಕ್‌ನಲ್ಲಿ ಅಶೋಕ್ ಲೇಲ್ಯಾಂಡ್ ಮತ್ತು ರಿಲಯನ್ಸ್‌ನವರು ಹೈಡ್ರೋಜನ್‌ನಿಂದಲೇ ಓಡುವ ಎಂಜಿನ್ ಇರುವ ಲಾರಿ ತೋರಿಸಿದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಕೃಷಿ ತ್ಯಾಜ್ಯದಂಥ ಬಯೋಮಾಸ್ ಒಂದು ಕೆ.ಜಿ.ಯಿಂದ 100 ಗ್ರಾಂ ಹೈಡ್ರೋಜನ್ ತೆಗೆಯುವ ವಿಧಾನ ಮಾಡಿದ್ದಾರೆ. ಮೆಕ್ಕೆಜೋಳದ ದಂಟು ಸುಡುವ ನಮ್ಮೂರಿನ ಹೊಲಗಳನ್ನು ನೋಡುವಾಗ ನನಗೆ ಇದೇ ನೆನಪಾಗುತ್ತದೆ.

ಡೀಸಲ್ ಎಂಜಿನ್‌ಗೆ ಹೈಡ್ರೋಜನ್ ಬೆರೆಸುವ ಪ್ರಯೋಗಗಳೂ ನಡೆದಿವೆ. ಹೈಡ್ರೋಜನ್ ತಾನಾಗಿ ಹೊತ್ತಿಕೊಳ್ಳಲು ಸುಮಾರು 585 ಡಿಗ್ರಿ ಬೇಕು, ಡೀಸಲ್‌ಗಿಂತ ತುಂಬಾ ಜಾಸ್ತಿ. ಹಾಗಾಗಿ ಡೀಸಲ್ ಸ್ವಲ್ಪ ಚಿಮ್ಮಿಸಿ, ಆ ಬೆಂಕಿಯಿಂದ ಹೈಡ್ರೋಜನ್ ಹೊತ್ತಿಸುತ್ತಾರೆ. ಹೊಗೆ ಕಮ್ಮಿಯಾಗುತ್ತದೆ. ಜಾಸ್ತಿ ಲೋಡಿನಲ್ಲಿ ನೈಟ್ರೋಜನ್ ಆಕ್ಸೈಡ್ ಏರುತ್ತದೆ, ಎಂಜಿನ್ ಬಡಿಯುವ ಭಯವೂ ಇದೆ. ಪ್ರಮಾಣ ತಿಳಿಯಬೇಕೇ? ನಮ್ಮ ಪಿಕಪ್‌ನ ಐದನೇ ಒಂದು ಪಾಲು ಡೀಸಲ್ ಉಳಿಯಬೇಕಾದರೆ ಗಂಟೆಗೆ ಸುಮಾರು 230 ಗ್ರಾಂ ಹೈಡ್ರೋಜನ್ ಬೇಕು. ಅಂಥ ಕಿಟ್ ಅರವತ್ತಕ್ಕಿಂತ ಜಾಸ್ತಿ ಹಾಕಬೇಕು, 1,000 ಆಂಪ್‌ಗಿಂತ ಜಾಸ್ತಿ ಕರೆಂಟ್ ಬೇಕು. ಗಾಡಿಯ ಆಲ್ಟರ್ನೇಟರ್ ಕೊಡುವುದು ನೂರರೊಳಗೆ.

ಇದನ್ನು ಓದಿ ಯಾರೂ ವೆಲ್ಡಿಂಗ್ ಗ್ಯಾಸಿನ ಅಂಗಡಿಯಿಂದ ಕೆಂಪು ಸಿಲಿಂಡರ್ ತಂದು ಗಾಡಿಗೆ ಕಟ್ಟಬೇಡಿ. ಅದರಲ್ಲಿ 150 ಬಾರ್ ಒತ್ತಡ ಇರುತ್ತದೆ. ಹೈಡ್ರೋಜನ್ ಸೋರಿದರೆ ವಾಸನೆ ಇಲ್ಲ, ಹಗಲಲ್ಲಿ ಅದರ ಬೆಂಕಿ ಕಣ್ಣಿಗೆ ಕಾಣುವುದೂ ಇಲ್ಲ. ಕಾನೂನೂ ಬಿಡುವುದಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಮಂಜೂರಾತಿ ಇಲ್ಲದೆ ಗಾಡಿಯ ಮೂಲ ರೂಪ ಬದಲಿಸುವಂತಿಲ್ಲ. ಕಿಟ್ ಮಾರುವವರು ಬಂದರೂ ಕೇಳಬೇಕಾದ್ದು ಇದೇ: ನನ್ನ ಈ ಮಾಡೆಲ್ ಗಾಡಿಗೆ ಮಂಜೂರಾದ ಸರ್ಟಿಫಿಕೇಟ್ ಎಲ್ಲಿ? ಐಎಸ್ಒ ಸರ್ಟಿಫಿಕೇಟ್ ತೋರಿಸಿದರೆ ಒಪ್ಪಬೇಡಿ, ಅದು ಗಾಡಿಗೆ ಸಿಕ್ಕ ಮಂಜೂರಾತಿ ಅಲ್ಲ. ಅಪಘಾತವಾದರೆ ಇನ್ಶೂರೆನ್ಸ್‌ನವರೂ ಮೊದಲು ನೋಡುವುದು ಬಾನೆಟ್ ಒಳಗೆ ಏನೇನು ಸೇರಿಸಿದ್ದಾರೆ ಅಂತ.

ಆ ದುಡ್ಡಲ್ಲಿ ನಾವು ಮಾಡಬಹುದಾಗಿದ್ದು

ನಾಲ್ಕನೇ ದಿನ ಪಿಕಪ್ಪನ್ನೇ ನೋಡಿದೆವು. ಜ್ಯಾಕ್ ಕೊಟ್ಟು ಒಂದೊಂದೇ ಚಕ್ರ ಕೈಯಲ್ಲಿ ತಿರುಗಿಸಿದೆ. ಹಿಂದಿನ ಎಡಚಕ್ರ ಅರ್ಧ ಸುತ್ತಿಗೆ ನಿಲ್ಲುತ್ತಿತ್ತು, ಬ್ರೇಕ್ ಶೂ ಹಿಡಿದುಕೊಂಡಿತ್ತು. ಇದನ್ನು ನೀವೂ ನೋಡಬಹುದು. ಹತ್ತು ಕಿ.ಮೀ. ಓಡಿಸಿ ಬಂದು ನಾಲ್ಕೂ ಚಕ್ರದ ಡ್ರಮ್ ಹತ್ತಿರ ಅಂಗೈ ತಂದು ನೋಡಿ, ಮುಟ್ಟಬೇಡಿ. ಒಂದರಿಂದ ಮಾತ್ರ ಕಾವು ಹೊಡೆಯುತ್ತಿದ್ದರೆ ಅಲ್ಲಿ ಡೀಸಲ್ ಸುಡುತ್ತಿದೆ.

ಆಮೇಲೆ ಥರ್ಮೋಸ್ಟಾಟ್, ಎಂಜಿನ್ನಿನ ಕಾವನ್ನು ಹಿಡಿತದಲ್ಲಿಡುವ ವಾಲ್ವ್. ಹಿಂದೆ ಯಾರೋ ಬಿಸಿಯಾಗುತ್ತೆ ಎಂದು ಕಿತ್ತು ಬಿಸಾಡಿದ್ದರು. ನಮ್ಮ ಕಡೆ ಇದೊಂದು ಕೆಟ್ಟ ಅಭ್ಯಾಸ. ಥರ್ಮೋಸ್ಟಾಟ್ ಇಲ್ಲದಿದ್ದರೆ ಎಂಜಿನ್ ಕಾವಿಗೆ ಬರುವುದೇ ಇಲ್ಲ. ತಣ್ಣನೆಯ ಎಂಜಿನ್ ಡೀಸಲ್ ಜಾಸ್ತಿ ಕುಡಿಯುತ್ತದೆ, ಬೋರ್ ಬೇಗ ಸವೆಯುತ್ತದೆ. ಹೊಸದು ಹಾಕಿದೆವು. ನಾಲ್ಕು ಇಂಜೆಕ್ಟರ್ ಬಿಚ್ಚಿ ಬೆಂಚಿಗೆ ಹಾಕಿದಾಗ ಮೂರು ಮಂಜಿನ ಹಾಗೆ ಚಿಮುಕಿಸಿದವು, ಒಂದು ಪಿಚಕಾರಿ ಹೊಡೆಯಿತು. ಅದರ ನಾಜಲ್ ಬದಲಿಸಿದೆ. ಎಲ್ಲ ಸೇರಿ ಕಿಟ್‌ನ ಬೆಲೆಯ ಕಾಲು ಭಾಗವೂ ಆಗಲಿಲ್ಲ. ಮುಂದಿನ ವಾರ ಅದೇ ದಾರಿ, ಅದೇ ಲೋಡ್, ಅದೇ ತಕ್ಕಡಿ: 7.04 ಕೆ.ಜಿ. ಲೀಟರಿಗೆ 14ರ ಮೇಲೆ.

ಕಿಟ್ ತೆಗೆಯುವಾಗ

ಸುಮ್ನೆ ವೈರ್ ಕತ್ತರಿಸಿ ಬಿಡಬೇಡಿ. ಬ್ಯಾಟರಿಯ ನೆಗೆಟಿವ್ ಬಿಚ್ಚಿ. ಕಿಟ್‌ನ ವೈರನ್ನು ಬ್ಯಾಟರಿಯವರೆಗೂ ಪೂರ್ತಿ ಎಳೆದು ತೆಗೆಯಿರಿ, ಅರ್ಧ ಉಳಿದ ದಪ್ಪ ವೈರ್ ಉಜ್ಜಿ ಉಜ್ಜಿ ಒಂದು ದಿನ ಬೆಂಕಿ ಹಚ್ಚುತ್ತದೆ. ಏರ್ ಹೋಸ್‌ಗೆ ಕೊರೆದ ತೂತನ್ನು ಎಂ-ಸೀಲ್ ಹಾಕಿ ಮುಚ್ಚಬೇಡಿ. ಹೋಸ್ ಬದಲಿಸಿ, ಇಲ್ಲದಿದ್ದರೆ ಫಿಲ್ಟರ್ ದಾಟಿದ ಜಾಗದಲ್ಲಿ ಧೂಳು ನೇರವಾಗಿ ಎಂಜಿನ್‌ಗೆ ಹೋಗುತ್ತದೆ.

ಸೆಲ್‌ನ ನೀರನ್ನು ಮೊದಲು ನೋಡಿ. ನಮ್ಮದು ಟೀ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತ್ತು. ಸ್ಟೀಲ್ ತಟ್ಟೆಗಳಿಂದ ಕಬ್ಬಿಣ, ನಿಕಲ್, ಕ್ರೋಮಿಯಂ ಕರಗಿ ನೀರಿಗೆ ಬರುತ್ತವೆ. ಅದರಲ್ಲಿ ಹೆಕ್ಸಾವೇಲೆಂಟ್ ಕ್ರೋಮಿಯಂ ಇರಬಹುದು. ಅದು ಕ್ಯಾನ್ಸರ್ ತರುವ ವಿಷ. ಕೆಒಎಚ್ ಬದಲು ಉಪ್ಪು ಹಾಕಿದವರ ಸೆಲ್‌ನಲ್ಲಿ ಕ್ಲೋರಿನ್ ಗ್ಯಾಸ್ ಕೂಡ ಬರುತ್ತದೆ. ಈ ನೀರನ್ನು ಚರಂಡಿಗೆ, ಗಿಡದ ಬುಡಕ್ಕೆ, ಬೋರ್‌ವೆಲ್ ಹತ್ತಿರ ಸುರಿಯಬೇಡಿ. ದಪ್ಪ ಪ್ಲಾಸ್ಟಿಕ್ ಕ್ಯಾನಿಗೆ ತುಂಬಿ, ಮುಚ್ಚಳ ಬಿಗಿದು, ಅಪಾಯಕಾರಿ ತ್ಯಾಜ್ಯ ಒಯ್ಯಲು ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಇರುವವರಿಗೇ ಕೊಡಬೇಕು. ನಮ್ಮ ಪಿಕಪ್‌ನದು ಮೂರು ಲೀಟರ್. ಅದು ಈಗ ಅಂಗಡಿಯ ಹಿಂದಿನ ಕಪಾಟಿನಲ್ಲಿ ಬೀಗದೊಳಗಿದೆ. ಮೇಲೆ ಕೆಂಪು ಪೇಂಟಿನಲ್ಲಿ "ವಿಷ, ಮುಟ್ಟಬೇಡಿ" ಎಂದು ಬರೆದಿದ್ದೇನೆ.